ಸ್ಟೋ ಮುಟ್ಟಿ ನೋಡುತ್ತಿದ್ದ ಸರ್

ಹೋದ ಶ್ರಾವಣದಲ್ಲಿ ನಮ್ಮ ಕೆಮಿಸ್ಟ್ರಿ ಸರ್ ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಅವರ ಸೈಕಲ್ಲು, ಅದರ ಹ್ಯಾಂಡಲ್ಲಿಗೆ ನೇತಾಡುತ್ತಿದ್ದ ಚಿಮಣಿ ಎಣ್ಣೆಯ ಡಬ್ಬಿ. ಅವರು ಬೋರ್ಡಿನ ಮೇಲೆ ಬರೆದ ಸಮೀಕರಣಗಳಲ್ಲಿ ಒಂದೂ ಈಗ ನೆನಪಿಲ್ಲ. ಆ ಡಬ್ಬಿಯ ತುಕ್ಕು ಹಿಡಿದ ಮುಚ್ಚಳ ಮಾತ್ರ ನೆನಪಿದೆ.

1984ರಲ್ಲಿ ನಾನು ಸವದತ್ತಿ ಕಡೆಯ ಒಂದು ಹಳ್ಳಿಯಿಂದ ಬಿ.ಎಸ್ಸಿ. ಓದಲು ಧಾರವಾಡಕ್ಕೆ ಬಂದೆ. ಅಪ್ಪನಿಗೆ ಇದ್ದದ್ದು ಎರಡು ಎಕರೆ ಒಣಭೂಮಿ. ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ. ಮೂವರು ಸೇರಿ ಮಾಳಮಡ್ಡಿಯಲ್ಲಿ ಒಂದು ಹೆಂಚಿನ ರೂಮು ಹಿಡಿದೆವು. ತಿಂಗಳು ಪೂರ್ತಿ ಖಾನಾವಳಿಯಲ್ಲಿ ಉಣ್ಣುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ, ಮಡಿಕೆಕಾಳಿನ ಪಲ್ಯ ಇಟ್ಟು, ಬಟ್ಟೆಯಲ್ಲಿ ಗಂಟು ಕಟ್ಟಿ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ನಾವು ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಲ್ಲುತ್ತಿದ್ದೆವು. ಬುತ್ತಿ ಬಂದರೆ ಊಟ, ಬಾರದಿದ್ದರೆ ಸ್ಟೋ ಹಚ್ಚಿ ಅನ್ನ.

ಸ್ಟೋ ಹಚ್ಚುವುದೂ ಸುಲಭ ಇರಲಿಲ್ಲ. ರೂಮಿನಲ್ಲಿ ಇರುವ ಹುಡುಗರಿಗೆ ರೇಷನ್ ಕಾರ್ಡು ಎಲ್ಲಿಯದು? ಹೆಸರು ಊರಿನ ಕಾರ್ಡಿನಲ್ಲಿ, ಹೊಟ್ಟೆ ಧಾರವಾಡದಲ್ಲಿ. ಸಕ್ಕರೆ, ಚಿಮಣಿ ಎಣ್ಣೆ ಎಲ್ಲವನ್ನೂ ಜಾಸ್ತಿ ದುಡ್ಡು ಕೊಟ್ಟು ಹೊರಗೇ ಕೊಳ್ಳಬೇಕು. ಇದನ್ನು ನಾವು ಯಾರಿಗೂ ಹೇಳಿಕೊಂಡಿರಲಿಲ್ಲ. ಸರ್ ತಾವೇ ಕಂಡುಹಿಡಿದರು. ತಮ್ಮ ಮನೆಯ ಪಾಲಿನ ಎಣ್ಣೆಯಲ್ಲಿ ಉಳಿಸಿ, ಭಾನುವಾರ ಬೆಳಿಗ್ಗೆ ಸೈಕಲ್ ಏರಿ ರೂಮಿನಿಂದ ರೂಮಿಗೆ ಹೋಗುತ್ತಿದ್ದರು. ಒಳಗೆ ಬಂದವರೇ ಟ್ರಂಕಿನ ಮೇಲೆ ಕೂರುತ್ತಿದ್ದರು. “ಉಂಡಿಯೇನೋ ತಮ್ಮಾ?” ಎಂದರೆ ನಾವು “ಹೂಂ ರೀ ಸರ್” ಎನ್ನುತ್ತಿದ್ದೆವು. ಅವರು ಎದ್ದು ಹೋಗಿ ಸ್ಟೋ ಮುಟ್ಟಿ ನೋಡುತ್ತಿದ್ದರು. ತಣ್ಣಗಿದ್ದರೆ ಒಂದು ಮಾತೂ ಆಡದೆ ಎಣ್ಣೆ ಸುರಿಯುತ್ತಿದ್ದರು. ಅವರೂ ವಾರಾನ್ನ ಉಂಡು ಓದಿದವರು. ಆ ಮನೆಯಲ್ಲಿ ಸೋಮವಾರ, ಈ ಮನೆಯಲ್ಲಿ ಮಂಗಳವಾರ, ಯಾರೂ ಇಲ್ಲದ ದಿನ ಮುರುಘಾಮಠದ ಪ್ರಸಾದ. ಹುಡುಗರು ಸುಳ್ಳು ಹೇಳುವುದು ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಈಗ ನಮ್ಮ ದೊಡ್ಡ ತಪ್ಪೊಂದನ್ನು ಹೇಳಬೇಕು. ಎರಡನೇ ವರ್ಷದ ಮಳೆಗಾಲ. ಎರಡು ದಿನ ನಮ್ಮ ಬುತ್ತಿ ಬಂದಿರಲಿಲ್ಲ. ಮೂರನೇ ದಿನವೂ ಬರಲಿಲ್ಲ. ಬಸ್ಸಿನ ಮುಂದಿನ ಸೀಟಿನ ಹತ್ತಿರ ಬೇರೆ ಯಾರದೋ ಗಂಟು ಇತ್ತು. ನನ್ನ ಗೆಳೆಯ ಅದನ್ನು ಎತ್ತಿಕೊಂಡ. ನಾನು ಬೇಡ ಎನ್ನಲಿಲ್ಲ. ರೂಮಿಗೆ ಬಂದು ಹನ್ನೆರಡು ರೊಟ್ಟಿಗಳನ್ನು ಮೂವರೂ ನಗುತ್ತಾ ತಿಂದೆವು. ಅಂಥ ಪುಂಡಿಪಲ್ಯ ನಾನು ಮತ್ತೆ ಉಂಡಿಲ್ಲ. ಆಮೇಲೆ ಆ ಬಟ್ಟೆಯನ್ನು ಒಗೆದು ಹಗ್ಗದ ಮೇಲೆ ಒಣಹಾಕಿದೆವು. ಹಸಿರು ಅಂಚಿನ ಬಿಳಿ ಬಟ್ಟೆ.

ಭಾನುವಾರ ಸರ್ ಬಂದರು. ಹಗ್ಗದ ಮುಂದೆ ನಿಂತರು. ಆ ಬುತ್ತಿ ನಮ್ಮದೇ ಕಾಲೇಜಿನ ಮೊದಲ ವರ್ಷದ ಹುಡುಗನದು. ಅವನು ಸರ್ ಹತ್ತಿರ ಹೋಗಿ ಅತ್ತಿದ್ದ. “ರೊಟ್ಟಿ ಎಷ್ಟು ಇದ್ದುವು?” ಎಂದು ಕೇಳಿದರು. “ಹನ್ನೆರಡು ರೀ.” “ಅವು ಅವನಿಗೆ ಎರಡು ದಿನದ್ದು.” ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ. ಸಂಜೆ ಅದೇ ಸೈಕಲ್ಲಿನಲ್ಲಿ ಆ ಹುಡುಗನನ್ನೂ ಅವನ ಟ್ರಂಕನ್ನೂ ಕರೆತಂದರು. ಅವನು ಬಾಡಿಗೆ ಕಟ್ಟಲಾಗದೆ ರೂಮು ಬಿಡುವುದರಲ್ಲಿದ್ದ. “ಇನ್ನು ಇವನೂ ಇಲ್ಲೇ ಇರತಾನ” ಎಂದರು. ಬಾಡಿಗೆ ನಾಲ್ಕು ಪಾಲಾಯಿತು. ಅವನ ಬುತ್ತಿಯೂ ನಾಲ್ಕು ಪಾಲಾಯಿತು. ಡಿಗ್ರಿ ಮುಗಿಯುವವರೆಗೆ ನಾವು ಒಟ್ಟಿಗೇ ಇದ್ದೆವು.

ಮುಂದೆ ನಾನು ಬ್ಯಾಂಕು ಸೇರಿದೆ. 34 ವರ್ಷ ಕೆಲಸ ಮಾಡಿ ಮ್ಯಾನೇಜರ್ ಆಗಿ ನಿವೃತ್ತನಾದೆ. ಓದುವ ಮಕ್ಕಳ ಸಾಲದ ಅರ್ಜಿ ಬಂದರೆ ಅದನ್ನು ಮೇಜಿನ ಮೇಲೆ ಕೊಳೆಯಲು ಬಿಡುತ್ತಿರಲಿಲ್ಲ. ನನ್ನ ಕೈಯಲ್ಲಿ ಸಾಲ ಪಡೆದ ಹುಡುಗಿಯೊಬ್ಬಳು ಇವತ್ತು ಡಾಕ್ಟರ್. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಸರ್ ಹೋದ ಮೇಲೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದಾಗ ಈಗಿನ ಮಕ್ಕಳ ಸ್ಥಿತಿ ವಿಚಾರಿಸಿದೆ. ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದು 2013ರಲ್ಲಿ ವಿದ್ಯಾಸಿರಿ ಬಂತು. ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. ಅದು ನಮ್ಮ ಕಾಲದಲ್ಲಿ ಇದ್ದಿದ್ದರೆ ಆ ಹನ್ನೆರಡು ರೊಟ್ಟಿಯ ಕಥೆಯೇ ಇರುತ್ತಿರಲಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ರೂಮಿಲ್ಲದೆ ಊರಿನಿಂದಲೇ ಓಡಾಡುವ ಹುಡುಗಿಯರಿಗೆ ಅದು ದೊಡ್ಡ ಆಸರೆ. ಆದರೆ ಲೆಕ್ಕ ನೋಡಿ. ಸಹಾಯ ಹತ್ತು ತಿಂಗಳು, ಬಾಡಿಗೆ ಹನ್ನೆರಡು ತಿಂಗಳು. ರೂಮಿನ ಅಡ್ವಾನ್ಸನ್ನು ಮೊದಲೇ ಕೊಡಬೇಕು, ಸ್ಕಾಲರ್‌ಶಿಪ್ ಆಮೇಲೆ ಬರುತ್ತದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಆಧಾರ್ ಜೋಡಣೆಗೆ ಬ್ಯಾಂಕು. ಖಾತೆ ಸರಿಯಾಗಿ ಜೋಡಣೆಯಾಗದಿದ್ದರೆ ದುಡ್ಡು ಬರುವುದೇ ಇಲ್ಲ. ಒಬ್ಬ ಹುಡುಗ ಇದೇ ಕೆಲಸಕ್ಕೆ ನಾಲ್ಕು ಸಲ ಊರಿಗೆ ಹೋಗಿ ಬಂದಿದ್ದ. ಅಷ್ಟು ದಿನದ ಹಾಜರಿ ಹೋಯಿತಲ್ಲ, ಅದನ್ನು ಯಾರು ಕೊಡುತ್ತಾರೆ?

ಇನ್ನೊಂದು ಮಾತು ಹೇಳಲೇಬೇಕು. ಈಗ ಕ್ಲಾಸಿನಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ಹಾಜರಿ ಮೊಬೈಲಿನಲ್ಲಿ ಬೀಳುತ್ತದೆ. ಹುಡುಗ ಬಂದಿಲ್ಲ ಎನ್ನುವುದು ತಕ್ಷಣ ಗೊತ್ತಾಗುತ್ತದೆ. ಯಾಕೆ ಬಂದಿಲ್ಲ ಎಂದು ಕೇಳಲು ಅವನ ರೂಮಿನವರೆಗೆ ಹೋಗುವವರು ಕಡಿಮೆ. ಪಾಠ ಮಾಡುವವರನ್ನು ದೂರುವುದಿಲ್ಲ, ಅವರ ಮೇಲೆ ಈಗ ಕಾಗದಪತ್ರದ ಹೊರೆ ಜಾಸ್ತಿ. ಆದರೂ ನನಗೆ ಸಂಕಟವಾಗುತ್ತದೆ.

ನಾವು ಕೆಲವರು ಸೇರಿ ಸರ್ ನೆನಪಿನಲ್ಲಿ ಒಂದು ಸಣ್ಣ ನಿಧಿ ಮಾಡಿದ್ದೇವೆ. ರೂಮಿನ ಅಡ್ವಾನ್ಸು, ಪರೀಕ್ಷೆಯ ಫೀ, ಸ್ಕಾಲರ್‌ಶಿಪ್ ಬರುವವರೆಗಿನ ಖಾನಾವಳಿ ಖರ್ಚು, ಇಷ್ಟಕ್ಕೇ. ಫಾರ್ಮು ಬೇಡ, ವೇದಿಕೆ ಮೇಲೆ ಕರೆದು ಚೆಕ್ಕು ಕೊಡುವ ಫೋಟೋ ಬೇಡ ಎಂದು ನಾನೇ ಹಟ ಹಿಡಿದೆ. ಹಸಿದವನನ್ನು ಸಭೆಯಲ್ಲಿ ನಿಲ್ಲಿಸಬಾರದು.

ಹೋದ ತಿಂಗಳು ಸಪ್ತಾಪುರದ ಒಂದು ರೂಮಿಗೆ ಹೋಗಿದ್ದೆ. ಬುತ್ತಿ ಹಂಚಿಕೊಂಡ ಆ ಹಳೆಯ ಗೆಳೆಯನೂ ಜೊತೆಗಿದ್ದ. ನಾಲ್ವರು ಹುಡುಗರು, ಗೋಡೆಯ ಮೇಲೆ ಟೈಮ್ ಟೇಬಲ್, ಮೂಲೆಯಲ್ಲಿ ಒಂದು ಸಣ್ಣ ಗ್ಯಾಸ್ ಸಿಲಿಂಡರ್. “ಊಟ ಆಯಿತೇನಪ್ಪಾ?” ಎಂದು ಕೇಳಿದೆ. “ಆತು ರೀ ಸರ್” ಎಂದು ನಾಲ್ವರೂ ಒಟ್ಟಿಗೆ ಹೇಳಿದರು. ಗೆಳೆಯ ಮೂಲೆಗೆ ಹೋಗಿ ಒಲೆಯ ಮೇಲೆ ಕೈ ಇಟ್ಟ. ನನ್ನ ಮುಖ ನೋಡಿದ. ಆರು ಜನರೂ ಕೆಳಗಿನ ಖಾನಾವಳಿಗೆ ಹೋಗಿ ರೊಟ್ಟಿ ಉಂಡೆವು.