ವಿಳಾಸ ಕಳೆದುಕೊಂಡ ಚಿಪ್ಪು

ಪ್ರವಾಸ ಮುಗಿಸಿ ಬಂದವರ ಬಟ್ಟೆಯನ್ನು ನೀರಿಗೆ ಹಾಕುವ ಮೊದಲು ಜೇಬು ತಡಕುವುದು ನಮ್ಮ ಮನೆಯಲ್ಲಿ ಅಮ್ಮನ ಕೆಲಸ. ಗುಜರಾತಿನಿಂದ ಉಡುಪಿಗೆ ಮರಳಿದ ಮರುದಿನ ಬೆಳಿಗ್ಗೆ ನನ್ನ ಪ್ಯಾಂಟಿನ ಜೇಬಿನಿಂದ ಅವರು ಮುದುಡಿದ ಒಂದು ಚೀಟಿ, ಐದು ರೂಪಾಯಿಯ ನಾಣ್ಯ ಮತ್ತು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಬೂದುಬಣ್ಣದ ಚಕ್ಕೆಯೊಂದನ್ನು ತೆಗೆದು ಜಗಲಿಯ ಮೇಲಿಟ್ಟರು. ಅದು ಮರುವಾಯಿಯ ಚಿಪ್ಪೋ ಎಂದು ಕೇಳಿದಾಗ, ಅಲ್ಲ, ಡೈನೋಸಾರ್ ಮೊಟ್ಟೆಯ ಚಿಪ್ಪು ಎಂದೆ. ಹಾಗೆ ಹೇಳುವಾಗ ನನ್ನ ಸ್ವರ ಕೊಂಚ ತಗ್ಗಿದ್ದು ಅವರ ಗಮನಕ್ಕೆ ಬಾರದೆ ಇರಲಿಲ್ಲ. ಅದನ್ನು ನಾನು ತರಬಾರದಿತ್ತು. ತರುವಾಗಲೇ ಅದು ನನಗೆ ಗೊತ್ತಿತ್ತು.

ನಾವು ಏಳು ಮಂದಿ ಹೋಗಿದ್ದೆವು. ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರನ್ನು ಬಿಟ್ಟರೆ ಉಳಿದವರಲ್ಲಿ ಯಾರಿಗೂ ಕಲ್ಲಿನ ವಿದ್ಯೆ ತಿಳಿಯದು. ಬ್ಯಾಂಕಿನವರು, ಒಬ್ಬರು ಔಷಧದಂಗಡಿಯವರು, ಇಬ್ಬರು ಕಾಲೇಜು ಹುಡುಗರು. ಹೊರದೇಶಗಳಲ್ಲಿ ಜನ ಹಣ ಕೊಟ್ಟು, ತಜ್ಞರ ಕಣ್ಗಾವಲಿನಲ್ಲಿ ಕಲ್ಲಿನಿಂದ ಡೈನೋಸಾರ್ ಮೂಳೆ ಬಿಡಿಸುವ ಕೆಲಸಕ್ಕೆ ಕೈಜೋಡಿಸುತ್ತಾರೆ. ಕೆನಡಾದ ಆಲ್ಬರ್ಟಾದಲ್ಲಂತೂ ಪ್ರವಾಸಿ ಇಡೀ ದಿನ ಮಂಡಿಯೂರಿ ಕುಂಚ ಆಡಿಸಿದರೂ ಸಿಕ್ಕಿದ್ದನ್ನು ಮನೆಗೆ ಒಯ್ಯುವಂತಿಲ್ಲ, ಅದು ಸರ್ಕಾರದ ಸ್ವತ್ತು. ನಮ್ಮ ಆಸೆ ಅಷ್ಟು ದೂರದ್ದಾಗಿರಲಿಲ್ಲ. ಗುಜರಾತಿನ ಬಾಲಾಸಿನೋರ್ ಬಳಿ ಡೈನೋಸಾರ್ ಪಳೆಯುಳಿಕೆಗಳಿರುವ ರೈಯೋಲಿಯಲ್ಲಿ ನಡೆದಾಡುವುದು, ನೋಡುವುದು, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುವುದು, ವಿಶೇಷವಾದದ್ದು ಕಂಡರೆ ಅಲ್ಲಿನವರಿಗೆ ತಿಳಿಸುವುದು, ಇಷ್ಟೇ. ಅಗೆಯುವ ಮಾತೇ ಇರಲಿಲ್ಲ.

ಹೋಗುವುದಕ್ಕೆ ಮೊದಲು ಮೇಷ್ಟ್ರು ನಮ್ಮನ್ನು ಮಲ್ಪೆಯಿಂದ ದೋಣಿ ಹತ್ತಿಸಿ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ದು ತಾಲೀಮು ಮಾಡಿಸಿದ್ದರು. ಅಲ್ಲಿನ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಲಾವಾ ಆರಿ ಸೀಳಿದ್ದರಿಂದ ಆದವು. ಆಗ ಡೈನೋಸಾರ್‌ಗಳು ಬದುಕಿದ್ದವು ನಿಜ, ಆದರೆ ಕುದಿಯುವ ಲಾವಾದಲ್ಲಿ ಮೂಳೆ ಉಳಿಯುವುದುಂಟೇ? ನಮ್ಮೂರಿನ ಮುರಕಲ್ಲಿನಲ್ಲಂತೂ ಹುಡುಕುವುದೇ ವ್ಯರ್ಥ; ಮಳೆ ಲಕ್ಷಾಂತರ ವರ್ಷ ತೊಳೆದು ಕಬ್ಬಿಣ, ಅಲ್ಯೂಮಿನಿಯಂಗಳನ್ನಷ್ಟೇ ಉಳಿಸಿದ ಹುಳಿಮಣ್ಣಿನಲ್ಲಿ ಸುಣ್ಣದ ಅಂಶ ನಿಲ್ಲುವುದಿಲ್ಲ. ಹಾಗಾಗಿ ದ್ವೀಪದಲ್ಲಿ ನಾವು ಕಲಿತದ್ದು ಹುಡುಕುವುದನ್ನಲ್ಲ, ಬರೆದುಕೊಳ್ಳುವುದನ್ನು. ಯಾವ ಕಂಬ, ಯಾವ ದಿಕ್ಕು, ಎಷ್ಟು ಹೊತ್ತಿಗೆ, ಮೊಬೈಲಿನ ಜಿಪಿಎಸ್ ತೋರಿಸುವ ಅಂಕಿ ಎಷ್ಟು. ಪ್ರವಾಸಿಗರು ನಮ್ಮನ್ನು ಸರ್ವೆಯವರೆಂದು ತಿಳಿದು ದೂರ ಸರಿದು ನಿಂತಿದ್ದರು.

ಇಂದ್ರಾಳಿಯಲ್ಲಿ ರೈಲು ಹತ್ತಿ ವಡೋದರಾದಲ್ಲಿ ಇಳಿದು, ಅಲ್ಲಿಂದ ರಸ್ತೆ ಹಿಡಿದು ರೈಯೋಲಿ ಸೇರಿದೆವು. ಅಲ್ಲಿ ಪಳೆಯುಳಿಕೆಗಳು ಬೆಳಕಿಗೆ ಬಂದದ್ದು 1981ರಲ್ಲಿ. ದಖ್ಖನ್ನಿನ ಲಾವಾ ಹರಿಯುವುದಕ್ಕೆ ಮುಂಚೆ ನೆಲೆನಿಂತ ಲ್ಯಾಮೆಟಾ ಎಂಬ ಪದರದಲ್ಲಿ ಮೂಳೆಗಳೂ ಮೊಟ್ಟೆಗಳೂ ಉಳಿದಿವೆ. ಹಣೆಯ ಮೇಲೆ ಗಿಡ್ಡ ಕೊಂಬಿದ್ದ ಮಾಂಸಾಹಾರಿ ಡೈನೋಸಾರ್ ರಾಜಾಸಾರಸ್ ನರ್ಮದೆನ್ಸಿಸ್‌ಗೆ 2003ರಲ್ಲಿ ಹೆಸರಿಟ್ಟದ್ದು ಇಲ್ಲಿನ ಮೂಳೆಗಳಿಂದ. ಆ ಕತೆಯನ್ನು ಮೇಷ್ಟ್ರು ರೈಲಿನಲ್ಲೇ ಹೇಳಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಸುರೇಶ್ ಶ್ರೀವಾಸ್ತವ 1980ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಮೂಳೆಗಳನ್ನು ಸಂಗ್ರಹಿಸುವಾಗ ಯಾವುದು ಎಲ್ಲಿ ಬಿದ್ದಿತ್ತು ಎಂದು ನಕ್ಷೆ ಬರೆದಿಟ್ಟಿದ್ದರು. ಸುಮಾರು ಎರಡು ದಶಕಗಳ ಬಳಿಕ ಅಮೆರಿಕದ ಪಳೆಯುಳಿಕೆ ತಜ್ಞರಾದ ಜೆಫ್ರಿ ವಿಲ್ಸನ್, ಪಾಲ್ ಸೆರೆನೋ ಮೊದಲಾದವರು ಅವರೊಂದಿಗೆ ಕುಳಿತು ಮೂಳೆಗಳನ್ನು ಪರಿಶೀಲಿಸಿದಾಗ, ಬೆರೆತುಹೋಗಿದ್ದ ಆ ರಾಶಿಯಲ್ಲಿ ಒಂದೇ ಪ್ರಾಣಿಯ ತಲೆಬುರುಡೆಯ ಭಾಗವನ್ನೂ ಸೊಂಟದ ಮೂಳೆಗಳನ್ನೂ ಒಟ್ಟುಗೂಡಿಸಲು ನೆರವಾದದ್ದು ಆ ನಕ್ಷೆ. ಅದನ್ನು ಕೇಳಿ ತಲೆದೂಗಿದವರಲ್ಲಿ ನಾನೇ ಮೊದಲಿಗ.

ಆದರೂ ಹೆಕ್ಕಿದೆ. ಅಲ್ಲಿ ಮೊಟ್ಟೆಗಳು ಪುಟ್ಟ ತೆಂಗಿನಕಾಯಿಯ ಅಡ್ಡಸೀಳಿನಂತೆ ಬಂಡೆಯಲ್ಲಿ ದುಂಡಗೆ ಕಾಣುತ್ತವೆ, ಒಡೆದ ಚಿಪ್ಪಿನ ಚೂರುಗಳು ನೆಲದ ಮೇಲೆ ಹರಡಿರುತ್ತವೆ. ಬಿಸಿಲಿಗೆ ತಲೆ ಕಾದಿತ್ತು, ಬ್ಯಾಟರಿ ಉಳಿಯಲೆಂದು ಜಿಪಿಎಸ್ ಆರಿಸಿದ್ದೆ, ಉಳಿದವರು ಮುಂದೆ ಹೋಗಿದ್ದರು. ಬಗ್ಗಿದೆ, ಎತ್ತಿದೆ, ಜೇಬಿಗೆ ಇಳಿಸಿದೆ. ಇಷ್ಟೊಂದು ಇರುವಾಗ ಒಂದು ಹೋದರೇನು ಎಂಬ ಮಾತು ಆಗ ನನಗೆ ಬಹಳ ನ್ಯಾಯವಾಗಿ ಕಂಡಿತ್ತು.

ಸಂಜೆ ಮೇಷ್ಟ್ರು ಮನೆಗೆ ಬಂದಾಗ ಮುಚ್ಚಿಡಲಾಗಲಿಲ್ಲ, ಏಕೆಂದರೆ ಅಮ್ಮ ಕಾಫಿಯ ಲೋಟದ ಜೊತೆಗೇ ಚಕ್ಕೆಯನ್ನೂ ತಟ್ಟೆಯಲ್ಲಿಟ್ಟು ತಂದರು. ಮೇಷ್ಟ್ರು ಏನೂ ಹೇಳದೆ ಜೇಬಿನಿಂದ ಮಸೂರ ತೆಗೆದು ಮೊದಲು ತಾವು ನೋಡಿ, ಬಳಿಕ ನನಗೆ ಕೊಟ್ಟರು. ಹೊರಮೈಯಲ್ಲಿ ಒತ್ತೊತ್ತಾಗಿ ಪುಟ್ಟ ಗುಬುಟುಗಳಿದ್ದವು, ಎಳೆಯ ಗುಜ್ಜೆಯ ಸಿಪ್ಪೆಯನ್ನು ನೂರು ಪಾಲು ಚಿಕ್ಕದು ಮಾಡಿದಂತೆ. ಮುರಿದ ಅಂಚಿನಲ್ಲಿ ಎರಡು ಮಿಲಿಮೀಟರಿನಷ್ಟು ದಪ್ಪದೊಳಗೆ ಬೀಸಣಿಗೆಯಂತೆ ಬಿಚ್ಚಿಕೊಂಡ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ ಗೆರೆಗಳು, ಅವುಗಳ ನಡುವೆ ಸೂಜಿಮೊನೆಯಂಥ ರಂಧ್ರ. ಒಳಗಿನ ಮರಿ ಆ ರಂಧ್ರಗಳ ಮೂಲಕ ಉಸಿರಾಡುತ್ತಿತ್ತು ಎಂದು ಮೇಷ್ಟ್ರು ಹೇಳಿದಾಗ, ನಾನು ಅದುವರೆಗೆ ಕಲ್ಲು ಎಂದೇ ಹಿಡಿದಿದ್ದ ಬೆರಳುಗಳನ್ನು ಸಡಿಲಿಸಿದೆ.

ಅನಂತರ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಎಲ್ಲಿ ಸಿಕ್ಕಿತು?"

ರೈಯೋಲಿಯಲ್ಲಿ ಎಂದೆ. ರೈಯೋಲಿಯಲ್ಲಿ ಎಲ್ಲಿ? ಗೂಡಿನ ಪಕ್ಕದಲ್ಲೋ, ಮಳೆನೀರು ಹರಿದ ಕೊರಕಲಿನಲ್ಲೋ? ಬೇಲಿಯ ಒಳಗೋ, ಹೊರಗೋ? ಗುಬುಟಿನ ಮೈ ಮೇಲಾಗಿತ್ತೋ ಕೆಳಗಾಗಿತ್ತೋ? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮೇಲ್ಮುಖವೋ ಕೆಳಮುಖವೋ ಎಂಬುದರಿಂದ ಏನಾಗಬೇಕು ಎಂದು ಕೇಳಿದೆ. ಒಂದು ಗೂಡಿನ ಸುತ್ತಲ ಚೂರುಗಳು ಹೆಚ್ಚಾಗಿ ಯಾವ ಕಡೆಗೆ ಬಿದ್ದಿವೆ ಎಂದು ಎಣಿಸಿದರೆ, ಚಿಪ್ಪು ಅಲ್ಲೇ ಒಡೆದದ್ದೋ ನೀರು ಹೊತ್ತು ತಂದದ್ದೋ ಎಂಬುದಕ್ಕೆ ಸುಳಿವು ಸಿಗುತ್ತದೆ ಎಂದರು. ನನ್ನಂಥ ನೂರು ಜನ ತಲಾ ಒಂದೊಂದು ಹೆಕ್ಕಿದರೆ ಆ ಲೆಕ್ಕವೇ ಅಳಿಸಿಹೋಗುತ್ತದೆ.

ಬೇಸರ ಮರೆಸಲೆಂದೋ ಏನೋ, ಅವರು ಅಮ್ಮನ ಕಡೆ ತಿರುಗಿ ಇನ್ನೊಂದು ಸಂಗತಿ ಹೇಳಿದರು. ಅದೇ ಗುಜರಾತಿನ ಢೋಲಿ ಡುಂಗ್ರಿಯಲ್ಲಿ 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆಯವರಿಗೆ ಡೈನೋಸಾರ್ ಗೂಡಿನ ಬಂಡೆಯೊಂದು ಸಿಕ್ಕಿತ್ತು. ಮೊಟ್ಟೆಗಳ ಪಕ್ಕದಲ್ಲಿದ್ದ ಎಲುಬುಗಳೆಲ್ಲ ಮರಿಯವೆಂದೇ ಮೊದಲು ತಿಳಿದಿದ್ದರು. 2001ರಲ್ಲಿ ವಿಲ್ಸನ್ ಆ ಬಂಡೆಯನ್ನು ನೋಡಿದಾಗ ಅವುಗಳಲ್ಲಿ ಕೆಲವು ಹಾವಿನ ಬೆನ್ನುಮೂಳೆಗಳೆಂದು ಗೊತ್ತಾಯಿತು: ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿದ, ಮೂರೂವರೆ ಮೀಟರ್ ಉದ್ದದ ಹಾವು. 2010ರಲ್ಲಿ ಅದಕ್ಕೆ ಸನಾಜೆ ಇಂಡಿಕಸ್ ಎಂದು ಹೆಸರಿಟ್ಟರು. ಅಂದು ಯಾರಾದರೂ ಮೊಟ್ಟೆ ಚೆನ್ನಾಗಿದೆಯೆಂದು ಅದೊಂದನ್ನೇ ಕೆತ್ತಿ ಒಯ್ದಿದ್ದರೆ ಹಾವಿನ ಕತೆ ಯಾರಿಗೂ ತಿಳಿಯುತ್ತಿರಲಿಲ್ಲ.

ನಾಗಬನದಲ್ಲಿ ಹಾಲೆರೆಯುವ ತನು ಸೇವೆಯನ್ನು ತಪ್ಪಿಸದ ಅಮ್ಮನಿಗೆ ಈ ಕತೆ ವಿಪರೀತ ಹಿಡಿಸಿತು. "ನಾಗ ಕಾಯ್ದ ತತ್ತಿಯನ್ನು ಕದ್ದು ತಂದೆಯಲ್ಲ ಮಾರಾಯ, ದೋಷಕ್ಕೆ ಜೋಯಿಸರಲ್ಲಿ ಹೋಗುವುದೋ ಮೇಷ್ಟ್ರಲ್ಲೋ?" ಎಂದರು. ಹಾವು ಕಾಯಲು ಬಂದದ್ದಲ್ಲ, ಮರಿಯನ್ನು ತಿನ್ನಲು ಬಂದದ್ದು ಎಂದು ಮೇಷ್ಟ್ರು ತಿದ್ದಿದರೂ ಅವರು ಒಪ್ಪಲಿಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡ್ಲ್ಯಾದಲ್ಲಿ ರೈತರು ಹೊಲದಲ್ಲಿ ಸಿಕ್ಕ ದುಂಡುಕಲ್ಲುಗಳನ್ನು ಕಾಕಡ್ ಭೈರವನೆಂದು ಪೂಜಿಸುತ್ತಿದ್ದರು, ಅವು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ಸುದ್ದಿಯಾಯಿತು ಎಂದಾಗ ಮಾತ್ರ ಅವರಿಗೆ ಯಾವ ಆಶ್ಚರ್ಯವೂ ಆಗಲಿಲ್ಲ. ಆ ರೈತರು ಕಲ್ಲನ್ನು ತಮ್ಮ ಹೊಲದ ಗಡಿಯಲ್ಲೇ ಇಟ್ಟು ಕೈಮುಗಿದಿದ್ದರು. ನಾನೋ, ಅದನ್ನು ರೈಲು ಹತ್ತಿಸಿಬಿಟ್ಟಿದ್ದೆ.

ರಾತ್ರಿ ಊಟದ ಬಳಿಕ ನಾನೂ ಮೇಷ್ಟ್ರೂ ಮೊಬೈಲಿನ ಚಿತ್ರಗಳನ್ನು ಸಮಯದ ಅನುಕ್ರಮದಲ್ಲಿ ಜೋಡಿಸಿದೆವು. 11:42ಕ್ಕೆ ತೆಗೆದ ಚಿತ್ರದಲ್ಲಿ ಒಂದು ಗೂಡು ಮತ್ತು ನನ್ನ ನೀಲಿ ಅಳತೆಪಟ್ಟಿ. 12:10ರ ಚಿತ್ರದಲ್ಲಿ ಬೇಲಿಯ ಬಳಿಯ ಮರದ ಕೆಳಗೆ ನೀರು ಕುಡಿಯುತ್ತಿರುವ ನಮ್ಮವರು. ನಾನು ಬಗ್ಗಿದ್ದು ಇವೆರಡರ ನಡುವೆ ಎಲ್ಲೋ. ಚಿಪ್ಪನ್ನು ತಪ್ಪೊಪ್ಪಿಗೆಯ ಪತ್ರದೊಂದಿಗೆ ಅಲ್ಲಿನ ವಸ್ತುಸಂಗ್ರಹಾಲಯಕ್ಕೇ ಕಳುಹಿಸುವುದೆಂದು ತೀರ್ಮಾನಿಸಿ, ಹತ್ತಿಯಲ್ಲಿ ಸುತ್ತಿ ಗುಳಿಗೆಯ ಡಬ್ಬಿಯಲ್ಲಿಟ್ಟು ಚೀಟಿ ಬರೆದೆ: ರೈಯೋಲಿ, ಮೊಟ್ಟೆಯ ಚಿಪ್ಪು, ಜಾಗ ಖಚಿತವಿಲ್ಲ, ಜೊತೆಯ ಎರಡು ಚಿತ್ರಗಳ ನಡುವಿನ ಇಪ್ಪತ್ತೆಂಟು ನಿಮಿಷಗಳ ದಾರಿಯಲ್ಲಿ.

ಅಮ್ಮ ಕನ್ನಡಕ ಏರಿಸಿ ಚೀಟಿ ಓದಿ, ಇಪ್ಪತ್ತೆಂಟು ನಿಮಿಷಕ್ಕೆ ಇವನು ಎಷ್ಟು ದೂರ ನಡೆಯುತ್ತಾನೆ ಎಂದು ಕೇಳಿದರು. ಇವರ ಕಾಲಿಗೆ ಒಂದು ಕಿಲೋಮೀಟರಿಗಿಂತ ಹೆಚ್ಚಾಗಲಿಕ್ಕಿಲ್ಲ ಎಂದರು ಮೇಷ್ಟ್ರು. ಅದನ್ನೂ ಬರೆದು ಡಬ್ಬಿಯ ಮುಚ್ಚಳ ಹಾಕಿದೆ.