ಅರ್ಜಿ ಬರೆಯುವವರ ದೇಶ

15 ಜನವರಿ 2025, ಬುಧವಾರ

1990ರ ಇದೇ ದಿನ ಸಂಜೆ ಪೂರ್ವ ಬರ್ಲಿನ್ನಿನ ಸಾವಿರಾರು ಜನ ಸ್ಟಾಸಿಯ ಮುಖ್ಯ ಕಚೇರಿಗೆ ನುಗ್ಗಿದ್ದರು. ಸ್ಟಾಸಿ ಅಂದರೆ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಇಲಾಖೆ. ಬರ್ಲಿನ್ ಗೋಡೆ ಬಿದ್ದು ಆಗಲೇ ಎರಡು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಇಲಾಖೆಯವರು ಕಡತಗಳನ್ನು ಹರಿಯಲು ಶುರು ಮಾಡಿದ್ದರು. ಹರಿದ ಚೂರುಗಳೇ 15 ಸಾವಿರಕ್ಕೂ ಹೆಚ್ಚು ಚೀಲಗಳಾದವು. ಹರಿಯದೆ ಉಳಿದ ಕಡತಗಳನ್ನು ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್ ಉದ್ದ. ಆ ದೇಶದ ಜನಸಂಖ್ಯೆ ಇದ್ದದ್ದು ಸುಮಾರು 1 ಕೋಟಿ 60 ಲಕ್ಷ.

ನಿನ್ನೆ ಗೆಳೆಯರ ನಡುವೆ ಹಳೇ ವಾದ ಮತ್ತೆ ಎದ್ದಿತ್ತು. ಸಾಮಾನ್ಯ ಮನುಷ್ಯ ನೆಮ್ಮದಿಯಾಗಿ ಬದುಕಲು ಬಂಡವಾಳಶಾಹಿ ವಾಸಿಯೋ, ಸಮಾಜವಾದ ವಾಸಿಯೋ? ಒಬ್ಬರು ಮನೆ ಬಾಡಿಗೆಯ ಮಾತೆತ್ತುತ್ತಾರೆ, ಇನ್ನೊಬ್ಬರು ಮುಳ್ಳುತಂತಿ ತೋರಿಸುತ್ತಾರೆ. ಇಬ್ಬರು ಹೇಳುವುದೂ ನಿಜ, ಅದಕ್ಕೇ ಆ ವಾದ ಮುಗಿಯುವುದಿಲ್ಲ. ನನಗೆ ಇದನ್ನು ಯೋಚಿಸಲು ಜರ್ಮನಿಗಿಂತ ಒಳ್ಳೆಯ ಜಾಗ ಕಾಣುವುದಿಲ್ಲ. ಒಂದೇ ಭಾಷೆ, ಒಂದೇ ಚರಿತ್ರೆ, ಒಂದೇ ಯುದ್ಧದಲ್ಲಿ ಸೋತ ಜನ. 1949ರಲ್ಲಿ ಎರಡು ದೇಶಗಳಾದರು, 40 ವರ್ಷ ಪೂರ್ವದವರು ಸಮಾಜವಾದದ, ಪಶ್ಚಿಮದವರು ಬಂಡವಾಳಶಾಹಿಯ ದಾರಿ ಹಿಡಿದರು. ಪೂರ್ತಿ ಸಮನಾದ ಹೋಲಿಕೆ ಇದಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಪಶ್ಚಿಮಕ್ಕೆ ಅಮೆರಿಕದ ಮಾರ್ಷಲ್ ನೆರವು ಸಿಕ್ಕಿತು. ಪೂರ್ವದ ಕಾರ್ಖಾನೆಗಳನ್ನು, ರೈಲು ಹಳಿಗಳನ್ನು ಸಹ, ಸೋವಿಯತ್ ಒಕ್ಕೂಟ ಯುದ್ಧ ಪರಿಹಾರ ಅಂತ ಬಿಚ್ಚಿಕೊಂಡು ಹೋಯಿತು.

ಮೊದಲು ಪೂರ್ವದಲ್ಲಿ ಇದ್ದ ಒಳ್ಳೆಯದನ್ನು ಬರೆಯುತ್ತೇನೆ. ಒಂದು ಬನ್ನಿಗೆ 5 ಫೆನಿಗ್, ಅಂದರೆ ನಮ್ಮ ಪೈಸೆಯಂಥ ಚಿಲ್ಲರೆ. ಪೂರ್ವ ಬರ್ಲಿನ್ನಿನಲ್ಲಿ ಟ್ರಾಮ್ ಟಿಕೆಟ್‌ಗೆ 20 ಫೆನಿಗ್. ಈ ಬೆಲೆಗಳು ದಶಕಗಟ್ಟಲೆ ಅಲುಗಾಡಲಿಲ್ಲ. ಮನೆ ಬಾಡಿಗೆ ಸಂಬಳದ ಸಣ್ಣ ಪಾಲು. ಕೆಲಸ ಹೋಗುವ ಭಯ ಇರಲಿಲ್ಲ. 80ರ ದಶಕದ ಹೊತ್ತಿಗೆ ಕೂಸುಗಳಿಗೆ ಶಿಶುವಿಹಾರ ಬೇಕೆಂದರೆ ಸಿಗುತ್ತಿತ್ತು, ಹಾಗಾಗಿ ದುಡಿಯುವ ವಯಸ್ಸಿನ ಹೆಂಗಸರಲ್ಲಿ ಬಹುಪಾಲು ಎಲ್ಲರೂ ಕೆಲಸಕ್ಕೆ ಹೋಗುತ್ತಿದ್ದರು. ಇನ್ನು ಪಶ್ಚಿಮ ಜರ್ಮನಿಯನ್ನು ನೋಡಿ. ಮದುವೆಯಾದ ಹೆಂಗಸು ಹೊರಗೆ ದುಡಿಯಬಹುದು, ಆದರೆ ಮನೆ ಮತ್ತು ಗಂಡನ ಕಡೆಗಿನ ಜವಾಬ್ದಾರಿಗೆ ಅಡ್ಡಿ ಬರಬಾರದು. ಹೀಗಂತ ಕಾನೂನಿನಲ್ಲೇ ಬರೆದಿತ್ತು, 1977ರವರೆಗೆ! ಸ್ವಾತಂತ್ರ್ಯ ಅಂದ ಕೂಡಲೇ ಪಶ್ಚಿಮದ ಕಡೆ ಕೈ ತೋರಿಸುವವರು ಇದನ್ನು ಯಾಕೆ ಮರೆಯುತ್ತಾರೋ. ಮೊದಲ 12 ವಾರದಲ್ಲಿ ಗರ್ಭಪಾತ ಮಾಡಿಸಿಕೊಳ್ಳುವ ತೀರ್ಮಾನವನ್ನು ಪೂರ್ವ ಜರ್ಮನಿ 1972ರಲ್ಲೇ ಹೆಂಗಸಿನ ಕೈಗೆ ಕೊಟ್ಟಿತು. ಸಂಸತ್ತಿನಲ್ಲಿ ಎಲ್ಲರೂ ಒಟ್ಟಿಗೆ ಕೈ ಎತ್ತುವುದೇ ರೂಢಿಯಾಗಿದ್ದ ಆ ದೇಶದಲ್ಲಿ ಆವತ್ತು 14 ಜನ ವಿರುದ್ಧ ಮತ ಹಾಕಿದರು. ಅಲ್ಲಿಯವರೆಗೆ ಹಾಗೆ ಆಗಿರಲೇ ಇಲ್ಲ.

ಸಾಮಾನಿನ ಕೊರತೆಯ ಕತೆ ಎಲ್ಲರಿಗೂ ಗೊತ್ತಿರುವುದೇ. ಟ್ರಾಬಾಂಟ್ ಕಾರಿಗೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಜಾಸ್ತಿ ಕಾಯಬೇಕಿತ್ತು. ಮಗನಿಗೆ, ಮಗಳಿಗೆ 18 ತುಂಬುತ್ತಲೇ ಅವರ ಹೆಸರಲ್ಲೂ ಒಂದು ಬರೆಸಿಡುತ್ತಿದ್ದರು. ಕಾಯಲು ಆಗದವರು ಹಳೇ ಕಾರಿಗೆ ಹೊಸದಕ್ಕಿಂತ ಹೆಚ್ಚು ದುಡ್ಡು ಕೊಡುತ್ತಿದ್ದರು. ಜೇಬಿನಲ್ಲಿ ದುಡ್ಡಿದ್ದರೆ ಸಾಲದು, ಅಂಗಡಿಯವರ ಪರಿಚಯವೂ ಬೇಕಿತ್ತು.

ಆದರೆ ಕಾಫಿಯ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. 1975ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿಯೇ ಹೆಪ್ಪುಗಟ್ಟುವಂಥ ಚಳಿಗೆ ಕಾಫಿ ತೋಟಗಳು ಸುಟ್ಟುಹೋದವು, ಜಗತ್ತಿನಾದ್ಯಂತ ಕಾಫಿ ಬೆಲೆ ಏರಿತು. ಪೂರ್ವ ಜರ್ಮನಿಯ ಹತ್ತಿರ ಅಷ್ಟು ವಿದೇಶಿ ಹಣ ಇರಲಿಲ್ಲ. 1977ರಲ್ಲಿ ಸರ್ಕಾರ ಅಗ್ಗದ ಕಾಫಿಯನ್ನು ಅಂಗಡಿಯಿಂದ ತೆಗೆದು ಅದರ ಜಾಗದಲ್ಲಿ ಒಂದು ಮಿಶ್ರಣ ಇಟ್ಟಿತು. ಅದರಲ್ಲಿ ಕಾಫಿ ಶೇಕಡಾ 51, ಉಳಿದದ್ದು ಚಿಕೋರಿ, ರೈ ಕಾಳು, ಬಟಾಣಿ ಇತ್ಯಾದಿ. ಜನ ಸಿಟ್ಟಾದರು. ಎಷ್ಟೋ ವಿಷಯಕ್ಕೆ ಬಾಯಿ ಮುಚ್ಚಿಕೊಂಡಿದ್ದವರು ಕಾಫಿಗೆ ಬಾಯಿ ಬಿಟ್ಟರು. ಬೀದಿಗೆ ಬಂದು ಕೂಗುವಂತಿರಲಿಲ್ಲ, ಪತ್ರಿಕೆಯಲ್ಲಿ ಬರೆಯುವಂತಿರಲಿಲ್ಲ. ಹಾಗಾಗಿ ಅರ್ಜಿ ಬರೆದರು. ಒಬ್ಬಿಬ್ಬರಲ್ಲ, ಸಾವಿರಾರು ಜನ.

ಆ ದೇಶವನ್ನು ಅರ್ಥ ಮಾಡಿಕೊಳ್ಳಲು ಈ ಅರ್ಜಿಗಳೇ ದಾರಿ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಯಾವ ನಾಗರಿಕ ಬೇಕಾದರೂ ಯಾವ ಕಚೇರಿಗೆ ಬೇಕಾದರೂ ದೂರು ಬರೆಯಬಹುದಿತ್ತು. ನೇರ ಆಳುವ ಪಕ್ಷದ ಮುಖ್ಯಸ್ಥ ಹೊನೆಕರ್‌ಗೇ ಬರೆಯುವವರೂ ಇದ್ದರು. ನಾಲ್ಕು ವಾರದೊಳಗೆ ಉತ್ತರ ಕೊಡಬೇಕು ಅಂತ 1975ರ ಕಾನೂನು ಹೇಳುತ್ತಿತ್ತು. ಜನ ವರ್ಷಕ್ಕೆ ಲಕ್ಷಗಟ್ಟಲೆ ಬರೆದರು. ಮನೆ ಸೋರುತ್ತಿದೆ, ಎರಡು ಕೋಣೆಯಲ್ಲಿ ಐದು ಜನ ಇದ್ದೇವೆ, ಫೋನಿಗೆ ಕಾದು ಕಾದು ಸಾಕಾಗಿದೆ, ಹೀಗೆ. ಮನೆಯದ್ದೇ ಜಾಸ್ತಿ. ಚುನಾವಣೆ ಹತ್ತಿರ ಬಂದಾಗ ಕೆಲವರು ಕೊನೆಗೆ ಒಂದು ಸಾಲು ಸೇರಿಸುತ್ತಿದ್ದರು: ಛಾವಣಿ ರಿಪೇರಿ ಆಗದಿದ್ದರೆ ಈ ಸಲ ನಾನು ವೋಟು ಹಾಕಲು ಬರುವುದಿಲ್ಲ. ಆ ಸಾಲಿಗೆ ಬೆಲೆ ಇತ್ತು. ಶೇಕಡಾ 99ರ ಹತ್ತಿರ ಮತ ಬಿತ್ತು ಅಂತ ತೋರಿಸಲೇಬೇಕಾದ ಅಧಿಕಾರಿಗೆ ಒಂದು ಮನೆ ಮತಗಟ್ಟೆಗೆ ಬರದಿದ್ದರೂ ತಲೆನೋವು. ಯಾರನ್ನೂ ಆರಿಸಲಾಗದ ವೋಟಿನಿಂದ ಜನ ಛಾವಣಿ ಹಾಕಿಸಿಕೊಂಡರು. ಇದನ್ನು ಮೊದಲ ಸಲ ಓದಿದಾಗ ಅವರ ಜಾಣತನ ಕಂಡು ಖುಷಿಯಾಗಿತ್ತು. ಈಗ ಓದಿದರೆ ಸಂಕಟವಾಗುತ್ತದೆ.

ಯಾಕೆಂದರೆ ಅರ್ಜಿ ಬಿಟ್ಟರೆ ಅವರ ಕೈಯಲ್ಲಿ ಬೇರೇನೂ ಇರಲಿಲ್ಲ. ಸರ್ಕಾರದ ತೀರ್ಮಾನವನ್ನು ಪ್ರಶ್ನಿಸುವ ನ್ಯಾಯಾಲಯಗಳನ್ನು 1952ರಲ್ಲೇ ಮುಚ್ಚಿದ್ದರು. ಹತ್ತಿರ ಹತ್ತಿರ ದೇಶದ ಕೊನೆಯ ವರ್ಷದವರೆಗೆ ಹಾಗೇ ನಡೆಯಿತು. ಮನೆ ಕೊಡುವವರು, ಕೆಲಸ ಕೊಡುವವರು, ಮಕ್ಕಳಿಗೆ ಕಾಲೇಜು ಸೀಟು ಕೊಡುವವರು, ಪತ್ರಿಕೆ ಅಚ್ಚು ಮಾಡುವವರು, ಎಲ್ಲರೂ ಒಂದೇ ಪಕ್ಷದ ಕೈಕೆಳಗಿನವರು. ಕೊಟ್ಟರೆ ಸಂತೋಷ, ಕೊಡದಿದ್ದರೆ ಇನ್ನೊಂದು ಅರ್ಜಿ. ಕಡಿಮೆ ಬಾಡಿಗೆಯ ಮನೆಯನ್ನು ನಾನು ತುಂಬಾ ದೊಡ್ಡ ವಿಷಯ ಅಂತಲೇ ನೋಡುತ್ತೇನೆ. ಆದರೆ ಅದನ್ನು ಕೈಮುಗಿದು ಕೇಳಬೇಕು, ಸಿಕ್ಕಿದ ಮೇಲೆ ತಗ್ಗಿಬಗ್ಗಿ ನಡೆಯಬೇಕು ಅಂದರೆ ಅದು ನಮ್ಮ ಹಕ್ಕು ಹೇಗಾದೀತು?

ಕೆಲಸದ ಹಕ್ಕೂ ಅಷ್ಟೇ. 1968ರ ಸಂವಿಧಾನ ಅದನ್ನು ಕರ್ತವ್ಯ ಅಂತಲೂ ಬರೆಯಿತು. ಸಾಮರ್ಥ್ಯವಿದ್ದೂ ಕೆಲಸ ತಪ್ಪಿಸಿಕೊಂಡು ತಿರುಗುವವರನ್ನು, ಹಾಗೆ ಅಂತ ಅಧಿಕಾರಿಗಳು ಹಣೆಪಟ್ಟಿ ಹಚ್ಚಿದವರನ್ನು, ಜೈಲಿಗೆ ಹಾಕುವ ಕಲಮು ಅಪರಾಧ ಸಂಹಿತೆಯಲ್ಲಿತ್ತು.

ಎಲ್ಲಕ್ಕಿಂತ ಅಪಾಯದ ಅರ್ಜಿ ದೇಶ ಬಿಟ್ಟು ಹೋಗಲು ಬರೆಯುವುದು. 1961ರ ಆಗಸ್ಟ್ 13ರಂದು ಗೋಡೆ ಏಳುವ ಮೊದಲು 25 ಲಕ್ಷಕ್ಕೂ ಹೆಚ್ಚು ಜನ ಪೂರ್ವ ಬಿಟ್ಟು ಪಶ್ಚಿಮಕ್ಕೆ ಹೋಗಿದ್ದರು. ಗೋಡೆ ಎದ್ದ ಮೇಲೆ ಅದರ ಬಳಿ ಬರ್ಲಿನ್ನಿನಲ್ಲೇ ಕಡಿಮೆ ಅಂದರೂ 140 ಜನ ಸತ್ತರು, ಹೆಚ್ಚಿನವರು ಅದನ್ನು ದಾಟಲು ಹೋಗಿ. 1975ರಲ್ಲಿ ಪೂರ್ವ ಜರ್ಮನಿ, ಮಾನವ ಹಕ್ಕುಗಳನ್ನು ಗೌರವಿಸುತ್ತೇವೆ ಅಂತ ದೇಶಗಳು ಮಾತು ಕೊಟ್ಟ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿತು, ಅದರ ಪೂರ್ತಿ ಪಠ್ಯವನ್ನು ಪಕ್ಷದ ಪತ್ರಿಕೆಯೇ ಅಚ್ಚು ಮಾಡಿತು. ಜನ ಅದನ್ನು ಓದಿದರು, ಅದೇ ಸಾಲುಗಳನ್ನು ಎತ್ತಿ ಬರೆದು ಹೊರಗೆ ಹೋಗಲು ಅನುಮತಿ ಕೇಳಿದರು. ಕೇಳಿದವರಲ್ಲಿ ಎಷ್ಟೋ ಜನರ ಕೆಲಸ ಹೋಯಿತು. ಕೆಲವರು ಜೈಲು ಸೇರಿದರು. ಹೀಗೆ ಜೈಲು ಸೇರಿದ ರಾಜಕೀಯ ಕೈದಿಗಳನ್ನು ಪಶ್ಚಿಮ ಜರ್ಮನಿ ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಿತ್ತು. 1989ರವರೆಗೆ 33 ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಕೊಂಡುಕೊಂಡರು. ತನ್ನದೇ ಪ್ರಜೆಗಳನ್ನು ಮಾರಿ ಒಂದು ಸರ್ಕಾರ ಹಣ ಮಾಡಿತು ಅನ್ನುವುದನ್ನು ನಾನು ಎಷ್ಟು ಸಲ ಓದಿದರೂ ಜೀರ್ಣಿಸಿಕೊಳ್ಳಲಾರೆ.

ವೆರಾ ವೊಲೆನ್‌ಬರ್ಗರ್ ನೆನಪಾಗುತ್ತಾರೆ. 1988ರ ಜನವರಿಯಲ್ಲಿ ಪೂರ್ವ ಬರ್ಲಿನ್ನಿನ ಒಂದು ಸರ್ಕಾರಿ ಮೆರವಣಿಗೆಗೆ ಅವರು ಫಲಕ ಹಿಡಿದು ಹೊರಟಿದ್ದರು. ಅದರ ಮೇಲೆ ಇದ್ದದ್ದು ಆ ದೇಶದ ಸಂವಿಧಾನದ್ದೇ ಮಾತು: ಪ್ರತಿ ನಾಗರಿಕನಿಗೂ ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳುವ ಹಕ್ಕಿದೆ. ಅಷ್ಟಕ್ಕೇ ಬಂಧಿಸಿದರು. ಸ್ಟಾಸಿಯಲ್ಲಿ ಆಗ 90 ಸಾವಿರದಷ್ಟು ಪೂರ್ಣಾವಧಿ ನೌಕರರಿದ್ದರು, ಅದರ ಸುಮಾರು ಎರಡರಷ್ಟು ಗುಟ್ಟಿನ ಮಾಹಿತಿದಾರರು. ದೇಶ ಹೋಯಿತು, ಕಡತ ತೆರೆಯಿತು. ತನ್ನ ಬಗ್ಗೆ ವರದಿ ಕೊಡುತ್ತಿದ್ದವರಲ್ಲಿ ಸ್ವಂತ ಗಂಡನೂ ಇದ್ದ ಅಂತ ವೆರಾಗೆ ಆಗ ತಿಳಿಯಿತು. 1976ರ ಒಂದು ಸ್ಟಾಸಿ ಆದೇಶದಲ್ಲಿ ಇಂಥ ಕೆಲಸದ ಕ್ರಮ ವಿವರವಾಗಿದೆ. ಹೆಸರು ಕೆಡಿಸಿ, ಕೆಲಸದಲ್ಲಿ ಸೋಲುವಂತೆ ಮಾಡಿ, ಗೆಳೆಯರ ನಡುವೆ ಅನುಮಾನ ಬಿತ್ತಿ. ಅಂಥವರ ಬದುಕು ಒಳಗಿಂದಲೇ ಕುಸಿಯುತ್ತಿತ್ತು, ಯಾರು ಕುಸಿಸಿದರು ಅಂತಲೂ ಗೊತ್ತಾಗುತ್ತಿರಲಿಲ್ಲ.

ಪಶ್ಚಿಮವೂ ಹೇಳಿಕೊಂಡಷ್ಟು ಉದಾರವಾಗಿರಲಿಲ್ಲ. 1956ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿತು. ಪೂರ್ವದಿಂದ ಬಂದ ಅಂಚೆಯನ್ನು ತೆರೆದು ನೋಡಿತು. 1972ರಲ್ಲಿ ಬಂದ ಒಂದು ಆದೇಶದಿಂದ ಎಡಪಂಥೀಯರು ಸರ್ಕಾರಿ ಕೆಲಸಕ್ಕೆ ಸೇರುವುದೇ ಕಷ್ಟವಾಯಿತು. ಶಿಕ್ಷಕರು, ಅಂಚೆಯವರು, ರೈಲು ಚಾಲಕರು ಸಹ ಸಿಕ್ಕಿಬಿದ್ದರು. ಲೋಅರ್ ಸ್ಯಾಕ್ಸನಿಯಲ್ಲಿ ಜರ್ಮನ್, ಫ್ರೆಂಚ್ ಪಾಠ ಮಾಡುತ್ತಿದ್ದ ಡೊರೊಥಿಯಾ ಫೋಗ್ಟ್ ಅವರನ್ನು 1987ರಲ್ಲಿ ಕೆಲಸದಿಂದ ತೆಗೆದರು. ಅವರ ಪಾಠದ ಬಗ್ಗೆ ಯಾರದ್ದೂ ದೂರಿರಲಿಲ್ಲ. ಹೊಸ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು, ಅಷ್ಟೇ ತಪ್ಪು. ಆಕೆ ಕೋರ್ಟಿಗೆ ಹೋದರು. ದೇಶದೊಳಗೆ ಸೋತರು. ಬಿಡದೆ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 1995ರಲ್ಲಿ ತೀರ್ಪು ಬಂತು. ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ ಅಂದವರು ಹತ್ತು ನ್ಯಾಯಾಧೀಶರು, ಇಲ್ಲ ಅಂದವರು ಒಂಬತ್ತು. ಒಂದೇ ಮತದಿಂದ ಗೆದ್ದರು. ಎಷ್ಟು ತೆಳ್ಳಗಿನ ಗೆಲುವು, ಎಷ್ಟು ವರ್ಷಗಳ ಹಿಂಸೆ! ಆದರೂ ಸರ್ಕಾರವನ್ನು ಕಟಕಟೆಗೆ ಎಳೆಯಲು ಒಂದು ಬಾಗಿಲು ತೆರೆದಿತ್ತು. ವೆರಾಗೆ ಅದು ಇರಲಿಲ್ಲ. ಎರಡೂ ವ್ಯವಸ್ಥೆಗಳು ಒಂದೇ ತರ ಕೆಟ್ಟವು ಅನ್ನುವವರ ಮಾತನ್ನು ನಾನು ಒಪ್ಪದೆ ಇರುವುದು ಇದಕ್ಕೇ.

ಇಷ್ಟು ಹೇಳಿ ಸುಮ್ನೆ ಕೂರಲು ಆಗುವುದಿಲ್ಲ, ಯಾಕೆಂದರೆ 1990ರಲ್ಲಿ ಎರಡು ಜರ್ಮನಿಗಳು ಮತ್ತೆ ಒಂದಾದ ಕತೆ ಇದೆ. ಆ ವರ್ಷದ ಜುಲೈ 1ಕ್ಕೆ ಪಶ್ಚಿಮದ ಹಣ ಪೂರ್ವಕ್ಕೆ ಬಂತು. ಪೂರ್ವದ ಕಾರ್ಖಾನೆಗಳಿಗೆ ಹಳೇ ಗಿರಾಕಿಗಳು ತಪ್ಪಿಹೋದರು. ಸುಮಾರು 40 ಲಕ್ಷ ಜನ ದುಡಿಯುತ್ತಿದ್ದ ಸಾವಿರಾರು ಸರ್ಕಾರಿ ಉದ್ಯಮಗಳು ಟ್ರಾಯ್‌ಹಾಂಡ್ ಎಂಬ ಒಂದೇ ಸಂಸ್ಥೆಯ ಕೈ ಸೇರಿದವು. ನಾಲ್ಕೇ ವರ್ಷದಲ್ಲಿ ಅದು ಅವುಗಳಲ್ಲಿ ಬಹುಪಾಲನ್ನು ಮಾರಿತು ಇಲ್ಲವೇ ಮುಚ್ಚಿತು. ನಿರುದ್ಯೋಗ ಅಂದರೇನು ಅಂತ ಗೊತ್ತೇ ಇಲ್ಲದವರು ಐವತ್ತರ ವಯಸ್ಸಿನಲ್ಲಿ ಮನೆಯಲ್ಲಿ ಕೂತರು. ಥುರಿಂಜಿಯಾದ ಬಿಷೊಫೆರೋಡೆ ಎಂಬ ಊರಿನಲ್ಲಿ ಪೊಟ್ಯಾಷ್ ಗಣಿ ಇತ್ತು. ಪಶ್ಚಿಮದ ಕಂಪನಿಯೊಂದರ ಜೊತೆ ವಿಲೀನ ಮಾಡಿ ಆ ಗಣಿಯನ್ನು ಮುಚ್ಚಲು ತೀರ್ಮಾನವಾಯಿತು. 1993ರ ಬೇಸಿಗೆಯಲ್ಲಿ ಗಣಿಯ ಕಾರ್ಮಿಕರು ಉಪವಾಸ ಕೂತರು. ಟಿವಿಯವರು ಬಂದರು, ರಾಜಕಾರಣಿಗಳು ಬಂದರು, ಯಾರೂ ಅವರ ಬಾಯಿ ಮುಚ್ಚಿಸಲಿಲ್ಲ. ವರ್ಷದ ಕೊನೆಯ ದಿನ ಗಣಿ ಮುಚ್ಚಿತು. ವಿಲೀನದ ಒಪ್ಪಂದದಲ್ಲಿ ಏನು ಬರೆದಿತ್ತು ಅಂತ ಕಾರ್ಮಿಕರಿಗೆ ತೋರಿಸಲೇ ಇಲ್ಲ. ಬಹಳ ವರ್ಷ ಅದು ಗುಟ್ಟಾಗಿಯೇ ಉಳಿಯಿತು.

ಇಲ್ಲಿ ನನ್ನ ಸಿಟ್ಟು ಪಶ್ಚಿಮದ ಮೇಲೆ. ಆ ಕಾರ್ಮಿಕರಿಗೆ ಮಾತಾಡುವ ಸ್ವಾತಂತ್ರ್ಯ ಪೂರ್ತಿ ಇತ್ತು. ತಮ್ಮ ಹೊಟ್ಟೆಪಾಡನ್ನು ತೀರ್ಮಾನಿಸುವ ಕೋಣೆಯೊಳಗೆ ಮಾತ್ರ ಜಾಗ ಇರಲಿಲ್ಲ. ಇದು ಸರಿಯಲ್ಲ. ಸ್ಟಾಸಿ ಕೆಟ್ಟದ್ದು ಎಂಬ ಕಾರಣಕ್ಕೆ ಇದು ಸರಿಯಾಗಿಬಿಡುವುದಿಲ್ಲ ಅಲ್ವಾ?

ಗೆಳೆಯರು ನೇರವಾಗಿ ಕೇಳಿದರೆ, ಆ 40 ವರ್ಷಗಳಲ್ಲಿ ಬದುಕಬೇಕಾಗಿದ್ದರೆ ಪಶ್ಚಿಮವನ್ನೇ ಆರಿಸುತ್ತೇನೆ ಅನ್ನುತ್ತೇನೆ. ಅದರ ಜೊತೆಗೆ ಪೂರ್ವದ ಶಿಶುವಿಹಾರವನ್ನೂ ಬಾಡಿಗೆಯನ್ನೂ ಬಿಟ್ಟುಕೊಡದೆ ಕೇಳುತ್ತೇನೆ. ಹಾಗೆ ಕೇಳಲು ಪಶ್ಚಿಮದಲ್ಲಿ ಸಂಘ ಕಟ್ಟಬಹುದಿತ್ತು, ಮುಷ್ಕರ ಹೂಡಬಹುದಿತ್ತು, ಸರ್ಕಾರವನ್ನು ಇಳಿಸಬಹುದಿತ್ತು. ಆ ಕೋಣೆಯ ಬಾಗಿಲನ್ನು ಸ್ವಲ್ಪ ತೆರೆಯುವ ಕಾನೂನುಗಳೂ ಅಲ್ಲಿ ಬಂದವು. 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರಿಗೆ ಅರ್ಧ ಜಾಗ ಸಿಕ್ಕಿತು. 1976ರ ಕಾನೂನು ಎರಡು ಸಾವಿರಕ್ಕಿಂತ ಹೆಚ್ಚು ಜನ ದುಡಿಯುವ ಕಂಪನಿಗಳಿಗೂ ಅದನ್ನು ತಂದಿತು. ಅಲ್ಲಿ ಮತಗಳು ಸಮವಾದರೆ ಅಧ್ಯಕ್ಷರಿಗೆ ಎರಡನೇ ಮತ ಇದೆ, ಅಧ್ಯಕ್ಷರು ಸಾಮಾನ್ಯವಾಗಿ ಷೇರುದಾರರ ಕಡೆಯವರು. ಆ ಒಂದು ಮತಕ್ಕಾಗಿ ಕಾರ್ಮಿಕ ಸಂಘಗಳು ಆಗ ಎಷ್ಟು ಹೋರಾಡಿದವು, ಎಲ್ಲಿ ಸೋತವು ಅನ್ನುವುದನ್ನು ಈ ವಾರ ಕೂತು ಓದಬೇಕು.