ಗೇರ್‌ಬಾಕ್ಸ್ ಆಯಿಲ್ ಬದಲಿ ಮಾಡಿಸಿದ್ವಿ, ನವಲೂರು ಏರಿಗೆ ಗಾಡಿ ನಿಂತ್ತು

ಹಳೇ ಆಟೊಮ್ಯಾಟಿಕ್ ಗಾಡಿ ಇಟ್ಕೊಂಡವರಿಗೆ ಎಲ್ಲಾರೂ ಹೇಳೋ ಮಾತು ಒಂದೈತಿ, "ಗೇರ್‌ಬಾಕ್ಸ್ ಆಯಿಲ್ ಮುಟ್ಟಾಕ ಹೋಗಬ್ಯಾಡ್ರಿ, ಮುಟ್ಟಿದ್ರ ಗೇರ್‌ಬಾಕ್ಸ್ ಹೋಗ್ತೈತಿ" ಅಂತ. ಮ್ಯಾಲಿಂದ ನೋಡಿದ್ರ ನಮ್ಮ ಗಾಡಿಗೂ ಹಂಗ ಆತು, ಆಯಿಲ್ ಬದಲಿ ಆಗಿ ವಾರ ತುಂಬೂದ್ರಾಗ ರೋಡ್ ಮ್ಯಾಲ ನಿಂತ್ತು. ಆದ್ರ ಗೇರ್‌ಬಾಕ್ಸ್ ಬಿಚ್ಚಿದಾಗ ಒಳಗಿಂದು ಕಣ್ಣಾರೆ ನೋಡೇನಿ, ನೋಡಿದ ಮ್ಯಾಲ ಆ ಮಾತು ನಾ ಒಪ್ಪಂಗಿಲ್ಲ, ಅದಕ್ಕ ಇದನ್ನ ಬರಿಯಾಕತ್ತೇನಿ.

ಗಾಡಿ 2009ರ ಮಾಡೆಲ್, ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್, ಅಂದ್ರ ಇಂಜಿನ್ನಿನ ಎಳತ ಆಯಿಲ್ ಮುಖಾಂತರ ಗೇರ್‌ಬಾಕ್ಸಿಗೆ ದಾಟೋದು. ಈಗ ಸಣ್ಣ ಗಾಡಿಗಳಿಗೆ ಬರೋ ಎಎಂಟಿ ಬ್ಯಾರೆ, ಅದ್ರಾಗ ಮ್ಯಾನುಯಲ್ ಗೇರ್‌ಬಾಕ್ಸೇ ಇರ್ತೈತಿ, ಕ್ಲಚ್ ಒತ್ತೋದು, ಗೇರ್ ಬದಲಿ ಮಾಡೋದು ಮಷೀನ್ ಮಾಡ್ತೈತಿ ಅಷ್ಟ. ಅಪ್ಪಾಜಿಗೆ ಎಡಗಾಲಿನ ಮೊಣಕಾಲು ನೋವು, ಕ್ಲಚ್ ಒತ್ತಾಕ ಆಗಂಗಿಲ್ಲ, ಅವ್ರಿಗಂತ ಸೆಕೆಂಡ್ ಹ್ಯಾಂಡ್ ತಗೊಂಡಿದ್ವಿ, ಲಕ್ಷದ ಮ್ಯಾಲ ಓಡಿತ್ತು. ಸರ್ವಿಸ್ ಬುಕ್ ತಿರುವಿ ನೋಡಿದ್ರ ಇಂಜಿನ್ ಆಯಿಲ್ ಟೈಮ್ ಟೈಮಿಗೆ ಹಾಕ್ಸ್ಯಾರ, ಗೇರ್‌ಬಾಕ್ಸ್ ಆಯಿಲ್ ಬಗ್ಗೆ ಒಂದು ಸೀಲೂ ಇಲ್ಲ, ಅಂದ್ರ ಫ್ಯಾಕ್ಟರಿಯಿಂದ ಬಂದದ್ದೇ ಇನ್ನೂ ಒಳಗ ಐತಿ ಅಂತಾತು. ಮುಂಜಾನೆ ಥಂಡಿ ಇಂಜಿನ್ ಇದ್ದಾಗ ಲಿವರ್ ಡಿಗೆ (ಡ್ರೈವ್, ಮುಂದ ಹೋಗೋ ಪೊಸಿಷನ್) ಹಾಕಿದ್ರ ಒಂದೆರಡು ಸೆಕೆಂಡ್ ಸುಮ್ನಿದ್ದು ಆಮ್ಯಾಲ ಗಕ್ ಅಂತ ಹಿಡೀತಿತ್ತು. ಈ ಮಾತು ನೆನಪಿನ್ಯಾಗ ಇಟ್ಕೋರಿ, ಯಾಕಂದ್ರ ಇದು ಆಯಿಲ್ ಬದಲಿ ಮಾಡಿಸೋಕಿಂತ ಮೊದಲಿನ ಮಾತು, ಆ ಗಕ್ ಅನ್ನೋದು ಹೋಗಲಿ ಅಂತನ ನಾವು ಗ್ಯಾರೇಜಿಗೆ ಒಯ್ದದ್ದು.

ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದು ಗ್ಯಾರೇಜಿನ್ಯಾಗ ಕೊಟ್ವಿ. ಅಲ್ಲಿ ಮಷೀನ್ ಹಚ್ಚಿ ಫ್ಲಶ್ ಮಾಡಿದ್ರು, ಹಳೇದು ಪೂರಾ ತಗದು ಹೊಸಾದು ಪೂರಾ ತುಂಬಿದ್ರು. ಬಂದ ಹಳೇ ಆಯಿಲ್ ಕರ್ರಗ ಇತ್ತು, ಹೊಸಾದು ಕೆಂಪಗ ಶರಬತ್ತಿನಂಗ. ಮೊದಲ ಒಂದೆರಡು ದಿನ ಗಾಡಿ ಭಾಳ ಚಲೋ ಇತ್ತು, ಅಪ್ಪಾಜಿ ಖುಷಿ ಆಗಿದ್ರು.

ಆಮ್ಯಾಲ ಒಂದಿನ ಧಾರವಾಡಕ್ಕ ಹೊಂಟಿದ್ವಿ. ಉಣಕಲ್ ದಾಟಿ ನವನಗರ, ರಾಯಾಪುರ ತನಕ ಏನೂ ಗೊತ್ತಾಗಲಿಲ್ಲ, ಸತ್ತೂರು ಬಿಟ್ಟು ನವಲೂರು ಏರು ಬಂತು ನೋಡ್ರಿ, ಇಂಜಿನ್ ಹುಯ್ಯ್ ಅಂತ ಕೂಗಾಕತ್ತು, ಆರ್‌ಪಿಎಂ ಮುಳ್ಳು ನಾಲ್ಕು ಸಾವಿರದ ಮ್ಯಾಲ, ಸ್ಪೀಡ್ ಮಾತ್ರ ಇಳಕೊಂತ ಹೊಂಟೈತಿ. ಆಕ್ಸಿಲೇಟರ್ ಒತ್ತಿದಷ್ಟು ಸೌಂಡ್, ಎಳತ ಇಲ್ಲ. ಬಾಜೂಕ ಹುಬ್ಬಳ್ಳಿ-ಧಾರವಾಡ ಓಡಾಡೋ ಚಿಗರಿ ಬಸ್ ತನ್ನ ಲೇನಿನ್ಯಾಗ ಸುಯ್ ಅಂತ ಹೋತು, ನಾವು ಸೈಡಿಗೆ ತಗೊಂಡು ನಿಂತ್ವಿ. ಒಂದ್ ಥರಾ ಸುಟ್ಟ ವಾಸನಿ.

ಅಲ್ಲಿ ನಿಂತಾಗ ಮಂದಿ ಕೂಡಿದ್ರು, ನಮ್ಮ ಕಡೆ ಮಂದಿ ಅದ್ರಾಗ ಭಾಳ ಚಲೋ, ಕೇಳೋದ್ರಾಗ ಸಹಾಯಕ್ಕ ಬಂದ್ಬಿಡ್ತಾರ. ಒಬ್ಬರು "ಅಣ್ಣಾರ, ಸೆಕೆಂಡ್ ಗೇರ್ ಹಾಕ್ರಿ, ನಾವ್ ನೂಕ್ತೇವಿ" ಅಂದ್ರು, ಟಾಟಾ ಏಸ್‌ದವ ಒಬ್ಬ ಹಗ್ಗ ತಗದ. ನಾ ಕೈ ಮುಗದು ಬ್ಯಾಡ್ರಿ ಅಂದೆ. ಇಂಥಾ ಗಾಡಿ ನೂಕಿದ್ರ ಸ್ಟಾರ್ಟ್ ಆಗಂಗಿಲ್ಲ, ಮ್ಯಾಲ ಹಗ್ಗ ಕಟ್ಟಿ ಮುಂದಿನ ಗಾಲಿ ನೆಲದ ಮ್ಯಾಲ ಉರುಳಿಸ್ಕೊಂತ ಎಳದ್ರ ಉಳಿದಿದ್ದೂ ಹೋಗ್ತೈತಿ. ಗೇರ್‌ಬಾಕ್ಸಿನ ಆಯಿಲ್ ಪಂಪ್ ತಿರಗೋದು ಇಂಜಿನ್ ಚಾಲೂ ಇದ್ದಾಗ ಮಾತ್ರ, ಇಂಜಿನ್ ಬಂದ್ ಇದ್ದು ಗಾಲಿ ತಿರಗಿದ್ರ ಒಳಗಿನ ಗೇರು ಬೇರಿಂಗು ಎಲ್ಲಾ ಒಣಗೇ ತಿರಗ್ತಾವ. ಎತ್ತಿ ಮ್ಯಾಲ ಹೊತ್ಕೊಂಡು ಹೋಗೋ ಗಾಡಿ ಬರೂತನಕ ಬಿಸಿಲಾಗ ಕಾದ್ವಿ. ಅಪ್ಪಾಜಿ ಪಾಪ, ಮೊಣಕಾಲು ಹಿಡ್ಕೊಂಡು ಕಲ್ಲಿನ ಮ್ಯಾಲ ಕುಂತಿದ್ರು, ಒಂದ್ ಮಾತೂ ಆಡಲಿಲ್ಲ.

ಧಾರವಾಡ ಟೋಲ್ ನಾಕಾ ಕಡೆ ಗೇರ್‌ಬಾಕ್ಸ್ ಕೆಲಸಾನ ಮಾಡೋ ಒಬ್ಬರು ವಯಸ್ಸಾದ ಮಿಸ್ತ್ರಿ ಕಾಕಾ ಅದಾರ, ಅವ್ರ ಹತ್ರ ಇಳಿಸಿದ್ವಿ. ಅವರು ಲಗೂನ ಪಾನಾ ಹಿಡೀಲಿಲ್ಲ. ಮೊದಲ ಯಾವ ಆಯಿಲ್ ಹಾಕ್ಯಾರ ಅಂತ ಬಿಲ್ ಕೇಳಿದ್ರು, ಮ್ಯಾನುಯಲ್‌ನ್ಯಾಗ ಬರದದ್ದೂ ಬಿಲ್ಲಿನ್ಯಾಗ ಇದ್ದದ್ದೂ ಒಂದ ಐತಿ ಅಂತ ತಾಳೆ ನೋಡಿದ್ರು. ಆಮ್ಯಾಲ ಇಂಜಿನ್ ಬಿಸಿ ಮಾಡಿ, ಚಾಲೂ ಇಟ್ಟು, ಲಿವರ್ ಒಂದೊಂದ ಪೊಸಿಷನ್ನಿಗೆ ಹಾಕಿ ತಗದು ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡೋ ಕಡ್ಡಿ) ನೋಡಿದ್ರು. ಥಂಡಿ ಇದ್ದಾಗ ನೋಡಿದ್ರ ಲೆವೆಲ್ ತಪ್ಪು ತೋರಸ್ತೈತಿ, ಬಿಸಿ ಆದ್ರ ಆಯಿಲ್ ಹಿಗ್ತೈತಿ. ಕಡಿಮಿ ಇದ್ರ ಪಂಪ್ ಗಾಳಿ ಎಳೀತೈತಿ, ಜಾಸ್ತಿ ಇದ್ರ ನೊರಿ ಬರ್ತೈತಿ, ಎರಡೂ ಕಡೆ ಪ್ರೆಷರ್ ಬೀಳ್ತೈತಿ. ನಮ್ದು ಸರಿ ಇತ್ತು. "ಹಂಗಾದ್ರ ಒಳಗ ನೋಡೂನು ತಮ್ಮಾ" ಅಂದ್ರು.

ಗೇರ್‌ಬಾಕ್ಸಿನ ಕೆಳಗ ಆಯಿಲ್ ಕೂಡೋ ಪ್ಯಾನ್ ಬಿಚ್ಚಿದ್ರು. ಅದ್ರಾಗ ಮ್ಯಾಗ್ನೆಟ್ ಇರ್ತಾವ, ಕಬ್ಬಿಣದ ಪುಡಿ ಹಿಡ್ಯಾಕ. ಸಣ್ಣ ಬೂದಿ ಬಣ್ಣದ ಪೇಸ್ಟ್ ಇದ್ರ ಅದು ಮಾಮೂಲಿ ಸವಕಳಿ, ಅದಕ್ಕ ಹೆದರೂದು ಬ್ಯಾಡ ಅಂದ್ರು. ನಮ್ದರಾಗ ಪೇಸ್ಟ್ ಅಷ್ಟ ಅಲ್ಲ, ಪ್ಯಾನಿನ ತಳಕ್ಕ ಕರೀ ಪುಡಿ ಕುಂತಿತ್ತು. ಕಾಕಾ ಬೆರಳಿಗೆ ಹಚ್ಕೊಂಡು ಮೂಗಿಗೆ ಹಿಡದು ನೋಡಿ ನನ್ನ ಕಡೆ ಚಾಚಿದ್ರು, ಅದ ಸುಟ್ಟ ವಾಸನಿ. ಅದು ಕ್ಲಚ್ ಪ್ಲೇಟಿನ ಲೈನಿಂಗ್. ಆಟೊಮ್ಯಾಟಿಕ್‌ನ್ಯಾಗೂ ಕ್ಲಚ್ ಪ್ಲೇಟ್ ಇರ್ತಾವ್ರಿ, ಒಂದರ ಮ್ಯಾಲ ಒಂದು ಜೋಡಿಸಿದ್ದು, ಆಯಿಲ್ ಪ್ರೆಷರ್ ಅವನ್ನ ಒತ್ತಿ ಹಿಡೀತೈತಿ. ಪೂರಾ ಬಿಚ್ಚಿದಾಗ ನೋಡಿದ್ರ ಒಂದು ಸೆಟ್ಟಿನ್ಯಾಗ ಲೈನಿಂಗ್ ಹೋಗಿ ಬರೇ ಸ್ಟೀಲ್ ಹೊಳೀತಿತ್ತು, ಆಜೂಬಾಜೂಕ ಸುಟ್ಟು ನೀಲಿ ಆಗಿತ್ತು. ಆಯಿಲ್ ಪ್ರೆಷರ್ ಎಲ್ಲಿಗೆ ಬೇಕೋ ಅಲ್ಲಿಗೆ ಹಂಚೋ ವಾಲ್ವ್ ಬಾಡಿಯ ಸಣ್ಣ ಸಣ್ಣ ದಾರಿಗಳಾಗೂ ಕಸ ಸಿಕ್ಕೊಂಡಿತ್ತು.

ವಾರದಾಗ ಇಷ್ಟು ಸವೆಯಾಕ ಸಾಧ್ಯನ ಇಲ್ಲ. ಕಾಕಾ ಹೇಳಿದ್ದೂ ಅದ. ಪ್ಲೇಟು ವರ್ಷಗಟ್ಲೆ ಸವದಾವ, ಮುಂಜಾನೆ ಗಕ್ ಅನ್ನೋದು ಅದರ ಸೂಚನಿ. ಹೊಸ ಆಯಿಲ್‌ನ್ಯಾಗ ಕಸ ತೊಳಿಯೋ ಗುಣ ಐತಿ, ಅದ್ರಾಗ ಮಷೀನ್ ಹಚ್ಚಿ ನೂಕಿದ್ರು, ಕುಂತಲ್ಲೇ ಕುಂತಿದ್ದ ಕಸ ಎದ್ದು ವಾಲ್ವ್ ಬಾಡಿಗೆ ಹೋತು, ಪ್ರೆಷರ್ ಬಿತ್ತು, ಅರ್ಧಂಬರ್ಧ ಹಿಡೀತಿದ್ದ ಪ್ಲೇಟು ಪೂರಾ ಜಾರಿದ್ವು. ಸಾಯೋದು ಮೊದಲ ನಿಕ್ಕಿ ಇತ್ತು, ದಿನ ಮುಂದ ಬಂತು ಅಷ್ಟ. ನನ್ನ ಸಿಟ್ಟು ಇರೋದು ಆಯಿಲ್ ಮ್ಯಾಲ ಅಲ್ಲ, "ಲೈಫ್ ಟೈಮ್ ಆಯಿಲ್, ಬದಲಿ ಮಾಡೋದ ಬ್ಯಾಡ" ಅಂತ ಹೇಳ್ಕೊಂತ ಗಾಡಿ ಮಾರೋರ ಮ್ಯಾಲ, ಮತ್ತ ಲಕ್ಷ ಓಡಿದ ಗಾಡಿ ಕೈಯಾಗ ಕೊಟ್ರ ಒಂದ್ ಸಲ ವಾಸನಿ ಸೈತ ನೋಡದ ಮಷೀನ್ ಹಚ್ಚೋರ ಮ್ಯಾಲ. ಹಳೇ ಗಾಡಿಗೆ ಫ್ಲಶ್ ಬ್ಯಾಡ್ರಿ. ಡ್ರೇನ್ ನಟ್ ಬಿಚ್ಚಿದ್ರ ಅರ್ಧ ಬರ್ತೈತಿ, ಉಳಿದದ್ದು ಟಾರ್ಕ್ ಕನ್ವರ್ಟರ್‌ನ್ಯಾಗ ನಿಲ್ತೈತಿ, ಬಂದಷ್ಟು ಅಳದು ಅಷ್ಟ ಹೊಸಾದು ಹಾಕಿ, ಸ್ವಲ್ಪ ದಿನ ಓಡಿಸಿ, ಮತ್ತ ಅರ್ಧ ಬದಲಿ ಮಾಡ್ರಿ. ಸುಟ್ಟ ವಾಸನಿ ಬಂದ್ರ ಮಾತ್ರ ಆಯಿಲ್ ಬದಲಿಯಿಂದ ಅದು ನೆಟ್ಟಗಾಗಂಗಿಲ್ಲ, ಕೆಲಸ ಪ್ಲೇಟಿಂದು, ರೊಕ್ಕ ಅದಕ್ಕ ತಗದಿಡ್ರಿ.

ಪ್ಲೇಟು, ಸೀಲು ಬೆಂಗಳೂರಿಂದ ಪಾರ್ಸಲ್ ಬಂದ್ವು, ಕಾಕಾ ವಾಲ್ವ್ ಬಾಡಿ ಪೂರಾ ಬಿಚ್ಚಿ ತೊಳದು ಕೂಡಿಸಿದ್ರು. ಖರ್ಚು ಭಾಳ ಆತು, ಗಾಡಿ ರೇಟಿನ ಮೂರನೇ ಒಂದ್ ಪಾಲು ಹೋತು ಅಂತ ಹಿಡೀರಿ, ಆದ್ರೂ ಅಪ್ಪಾಜಿ ಮತ್ತ ತಾವ ಓಡಸ್ತಾರ ಅನ್ನೋ ಲೆಕ್ಕದಾಗ ನನಗ ಹೊಟ್ಟಿ ಉರೀಲಿಲ್ಲ. ಸವದ ಪ್ಲೇಟು ಒಂದನ್ನ ಕಾಗದದಾಗ ಸುತ್ಕೊಂಡು ಅಪ್ಪಾಜಿ ತಾವ ಗೋಕುಲ ರೋಡಿನ ಗ್ಯಾರೇಜಿಗೆ ಹೋಗಿ ಟೇಬಲ್ ಮ್ಯಾಲ ಇಟ್ರು, ಜಗಳ ಮಾಡಲಿಲ್ಲ, "ಇನ್ಮ್ಯಾಲ ಹಳೇ ಗಾಡಿ ಬಂದ್ರ ಮೊದಲ ಪ್ಯಾನ್ ಬಿಚ್ಚಿ ನೋಡಪಾ" ಅಂದ್ರು. ಅಲ್ಲಿ ಹುಡುಗ ಪ್ಲೇಟು ತಿರುವಿ ತಿರುವಿ ನೋಡಿ, "ಇದು ನನ್ನ ಹತ್ರ ಇರ್ಲಿರಿ ಕಾಕಾರ, ಗಿರಾಕಿಗೆ ತೋರಸ್ತೇನಿ" ಅಂತ ಇಸ್ಕೊಂಡ. ನಮ್ಮ ಗಾಡಿಗೆ ಈಗ 40,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿ ಅಂತ ಮಿಸ್ತ್ರಿ ಕಾಕಾ ಸರ್ವಿಸ್ ಬುಕ್ಕಿನ್ಯಾಗ ತಮ್ಮ ಕೈಲೆ ಬರದು ಕೊಟ್ಟಾರ.